ಹೊಲಿಗೆಗೆ ಬಿಟ್ಟ ಜಾಗ

ತಾರಂತೊದ ಕಾರಂಗಡಿಗೆ ಅಳತೆಪಟ್ಟಿಯೊಂದಿಗೇ ಹೋದೆ.
ಕೊರಳಲ್ಲೇ ಇತ್ತು. ಮೂವತ್ತೆಂಟು ವರ್ಷದಿಂದ ಅಲ್ಲೇ ಇರುತ್ತದೆ,
ಬೇರೆ ಹೆಂಗಸರಿಗೆ ಸರ ಇದ್ದಂತೆ.

ಮಿರ್ಕೊ ಎಂಬ ಹುಡುಗ ಬಾಗಿಲು ತೆಗೆದ, ಹಾಕಿದ,
"ಸದ್ದು ಕೇಳಿದಿರಾ, ಸಿನ್ಯೋರಾ? ಗಟ್ಟಿ ಮಾಲು" ಎಂದ.
ನಾನು ನೆಲಕ್ಕೆ ಮಂಡಿಯೂರಿ
ಕಾರಿನ ಭುಜ ಅಳೆಯುತ್ತಿದ್ದೆ.

ಕಿವಿ ಮಡಚಿದರೆ ನೂರ ಅರವತ್ತನಾಲ್ಕು.
ನಮ್ಮ ಬೀದಿಯ ಕಮಾನು ನೂರ ಅರವತ್ತೆಂಟು.
ಅದನ್ನು ಬೆಳಗ್ಗೆಯೇ ಅಳೆದು
ಸೀಮೆಸುಣ್ಣದಲ್ಲಿ ಅಂಗೈ ಮೇಲೆ ಬರೆದುಕೊಂಡಿದ್ದೆ,
ಬೆವರಿಗೆ ಎಂಟು ಮೂರಾಗುತ್ತಿತ್ತು.

ಹಳೆಯದು ಒರೊನ್ಸೊನ ಆಯ್ಕೆ. ಹಸಿರು, ಉದ್ದ,
ಅವನ ಭಾವಮೈದುನನದಕ್ಕಿಂತ ಒಂದು ಗೇಣು ಜಾಸ್ತಿ ಉದ್ದ.
ಆ ಗೇಣಿಗಾಗಿಯೇ ಕೊಂಡದ್ದು.
ಒಮ್ಮೆ ಕಮಾನಿನೊಳಗೆ ನುಗ್ಗಿಸಿದ.
ಅಂದಿನಿಂದ ನೆರೆಮನೆಯ ತೆಕ್ಲಾ ಪ್ರತಿ ವಸಂತಕ್ಕೂ
ಗೋಡೆಗೆ ಸುಣ್ಣ ಬಳಿಯುತ್ತಾಳೆ,
ಪ್ರತಿ ಚಳಿಗಾಲಕ್ಕೂ ಹಸಿರು ಮತ್ತೆ ಇಣುಕುತ್ತದೆ,
ಅವಳು ಮತ್ತೆ ನನ್ನೊಡನೆ ಮಾತು ಬಿಡುತ್ತಾಳೆ.

ಆಮೇಲೆ ಅದು ಕೋಟೆಬಾಗಿಲ ಆಚೆಗೇ ನಿಂತಿತು.
ಮದುವಣಗಿತ್ತಿಯರ ಉಡುಪುಗಳನ್ನು
ಮಗುವಿನಂತೆ ತೋಳಮೇಲೆ ಹೊತ್ತು
ತೊಂಬತ್ತೊಂದು ಮೆಟ್ಟಿಲು ಇಳಿದವಳು ನಾನು.

"ಲೀಟರಿಗೆ ಎಷ್ಟು?" ಎಂದೆ.
"ಇಪ್ಪತ್ತು."
"ಏರಿನಲ್ಲೋ, ಇಳಿಜಾರಿನಲ್ಲೋ?"
ಹುಡುಗ ಛಾವಣಿ ನೋಡಿದ.
ನನ್ನ ಸೊಂಟ ಅರವತ್ತಾರು ಅನ್ನುವವರನ್ನೂ ಕಂಡಿದ್ದೇನೆ ಮಗಾ,
ನಗುತ್ತಾ ಎಪ್ಪತ್ತೊಂದಕ್ಕೆ ಕತ್ತರಿಸುತ್ತೇನೆ.
ನಿನ್ನ ಇಪ್ಪತ್ತನ್ನು ಹದಿನೇಳೆಂದು ಬರೆದುಕೊಂಡೆ.

ಹದಿನೇಳಾದರೂ, ತಾರಂತೊಕ್ಕೆ ಹೋಗಿ ಬಂದರೆ
ಹಳೆಯದು ಕುಡಿಯುತ್ತಿದ್ದುದರಲ್ಲಿ ಮೂರು ಲೀಟರ್ ಉಳಿತಾಯ.
ಮೂರು ಲೀಟರ್ ಅಂದರೆ ಒಂದೂವರೆ ಮೀಟರ್ ಲೈನಿಂಗ್ ಬಟ್ಟೆ.
ವಾರಕ್ಕೆ ಮೂರು ಸಲ. ನೀವೇ ಲೆಕ್ಕ ಹಾಕಿ.

ಒರೊನ್ಸೊಗೆ ಈಗ ಕಣ್ಣು ಮಂಜು, ಲೈಸೆನ್ಸು ಹೋಯಿತು,
ಅಭಿಪ್ರಾಯಗಳು ಹೋಗಲಿಲ್ಲ.
ಕೈಯಿಂದ ತಡವಿ ನೋಡಿದ, ಮುಂದೆ, ಹಿಂದೆ. "ಇಷ್ಟೇನಾ?
ನನ್ನ ಶವಪೆಟ್ಟಿಗೆ ಇದಕ್ಕಿಂತ ಧಾರಾಳವಾಗಿರುತ್ತೆ."
"ಅದಕ್ಕೆ ಪೆಟ್ರೋಲು ಬೇಕಿಲ್ಲ" ಎಂದೆ.
ಮಿರ್ಕೊ ನಗಬೇಕೋ ಬೇಡವೋ ತಿಳಿಯದೆ
ಕಾಗದ ತರಲು ಹೋದ.

ಒಂದನ್ನು ಮಾತ್ರ ಅಳೆಯಲು ಮರೆತಿದ್ದೆ.

ಜೂನ್, ಮೊದಲ ಶನಿವಾರ.
ವಕೀಲರ ಮಗಳ ಉಡುಪು, ಆರು ಮೀಟರ್ ಸೆರಗಿನಂಥ ಬಾಲ,
ಮಡಚಿದರೆ ರೇಷ್ಮೆ ಮುನಿಸಿಕೊಳ್ಳುತ್ತದೆ.
ಹಿಂದೆ ಇಟ್ಟೆ, ಆಗಲಿಲ್ಲ. ಓರೆಯಾಗಿ ಇಟ್ಟೆ, ಇಲ್ಲ.
ಕೊನೆಗೆ ಮುಂದಿನ ಸೀಟಿನಲ್ಲಿ ಕೂರಿಸಿ
ಬೆಲ್ಟು ಹಾಕಿದೆ.
ತಲೆಯಿಲ್ಲದ ವಧು ಗಾಜಿನಾಚೆ ನೋಡುತ್ತಿದ್ದಳು.
ಒರೊನ್ಸೊ ಗೊಣಗುತ್ತಾ ಹಿಂದೆ ಸೇರಿದ,
ಮಂಡಿ ಗಲ್ಲಕ್ಕೆ ತಾಗಿತ್ತು,
ಬಾಲವೆಲ್ಲ ಅವನ ತೊಡೆಯಮೇಲೆ.
"ಕೈ ತೊಳೆದಿದ್ದೀಯಾ?"
"ಎರಡು ಸಲ" ಎಂದ, ಬೈಸಿಕೊಂಡ ಹುಡುಗನ ಹಾಗೆ.

ಕಿವಿ ಮಡಚಿದೆ. ಮೊದಲನೇ ಗೇರು.
ತೆಕ್ಲಾ ಕಿಟಕಿಯಲ್ಲಿ, ಸೊಂಟದ ಮೇಲೆ ಕೈ.
ಈ ಕಡೆ ಎರಡು ಸೆಂಟಿಮೀಟರ್, ಆ ಕಡೆ ಎರಡು,
ನಾನು ಯಾವತ್ತೂ ಹೊಲಿಗೆಗೆ ಬಿಡುವಷ್ಟೇ ಜಾಗ.
ಬಿಳಿ ಗೋಡೆ ನಿಧಾನ ಹಿಂದೆ ಸರಿಯಿತು,
ಹಳೆಯ ಹಸಿರು ಗೀರು ಗಾಜಿಗೆ ಅಷ್ಟು ಹತ್ತಿರ ಬಂತು
ಅದರಲ್ಲಿನ ಕೂದಲೆಳೆಯ ಬಿರುಕೂ ಕಂಡಿತು.

ಕನ್ನಡಿಯಲ್ಲಿ ನೋಡಿದೆ:
ರೇಷ್ಮೆಯನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು,
ಏನೂ ಕಾಣದ ಕಣ್ಣು ಬಿಗಿಯಾಗಿ ಮುಚ್ಚಿ,
ಕಾರು ತೆಳ್ಳಗಾಗಲೆಂದು
ಒರೊನ್ಸೊ ಹೊಟ್ಟೆ ಒಳಗೆಳೆದುಕೊಂಡಿದ್ದ.